ಸೈಡ್‌ವಾಲ್ ದಪ್ಪ ಇರುವ ಟ್ಯೂಬ್‌ಲೆಸ್ ಸೈಕಲ್ ಟೈರ್: ಎರಡು ವರ್ಷ ಓಡಿಸಿದ ಮೇಲೆ

ನನ್ನ ಮೌಂಟನ್ ಬೈಕ್ ಟೈರ್‌ಗಳ ಗಾಳಿಯ ಒತ್ತಡ ಮುಂದೆ 21 ಪಿಎಸ್‌ಐ, ಹಿಂದೆ 24. ಇಷ್ಟು ಕಡಿಮೆ ಗಾಳಿಯಲ್ಲಿ ಕಲ್ಲಿನ ಇಳಿಜಾರಿಗೆ ಇಳಿ ಅಂತ ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ. ಆಗ ನಾನು ಹಾಕುತ್ತಿದ್ದದ್ದು 28, 30. ಗಾಳಿ ಗಟ್ಟಿಯಾಗಿದ್ದರೆ ಟೈರ್ ಉಳಿಯುತ್ತದೆ, ನನಗೆ ಗೊತ್ತಿದ್ದದ್ದು ಅಷ್ಟೇ. ಟೈರ್ ಉಳಿಯುತ್ತಿತ್ತು, ನಿಜ. ಆದರೆ ಪ್ರತಿ ಬೇರಿನ ಮೇಲೂ ಮುಂದಿನ ಚಕ್ರ ಪುಟಿಯುತ್ತಿತ್ತು, ಒದ್ದೆ ಕಲ್ಲು ಬಂದರೆ ಜಾರುತ್ತಿತ್ತು. ಇದೆಲ್ಲ ಟೈರ್ ಮೇಲಿನ ರಬ್ಬರ್ ಉಬ್ಬುಗಳ, ಅಂದರೆ ಬಟನ್‌ಗಳ ದೋಷ ಅಂತ ನಾನು ನಂಬಿದ್ದೆ.

ಹಾಗಾಗಿ ಟೈರ್ ಕೊಳ್ಳುವಾಗಲೆಲ್ಲ ಬಟನ್ ಎಷ್ಟು ಎತ್ತರ, ಎಷ್ಟು ದೂರ ದೂರ ಇದೆ ಅಂತಲೇ ನೋಡುತ್ತಿದ್ದೆ. ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆ, ಅದರ ಕಡೆ ಕಣ್ಣೇ ಹೋಗಲಿಲ್ಲ. ತೂಕ ಕಡಿಮೆ ಇದ್ದರೆ ಖುಷಿ ಬೇರೆ. ಆ ಹಳೆಯ ಟೈರ್‌ನ ಹೆಸರು ಇಲ್ಲಿ ಬೇಡ, ಸುಮಾರು ಎಲ್ಲ ಕಂಪನಿಗಳೂ ಅಂಥ ತೆಳು ಕೇಸಿಂಗ್ (ರಬ್ಬರ್ ಕೆಳಗಿನ ಬಟ್ಟೆಯ ಮೈ) ಮಾಡುತ್ತವೆ, ನಿಧಾನವಾಗಿ ಓಡಿಸುವವರಿಗೆ ಅದು ಸಾಕು ಕೂಡ. ನನಗೆ ಸಾಲಲಿಲ್ಲ. ಒಂದು ತಿರುವಿನಲ್ಲಿ ಚೂಪು ಕಲ್ಲು ಹಿಂದಿನ ಟೈರ್‌ನ ಪಕ್ಕವನ್ನು ಬೆರಳುದ್ದ ಸೀಳಿತು. ನೆತ್ತಿಯಲ್ಲಿ ಮೊಳೆಯಷ್ಟು ತೂತಾಗಿದ್ದರೆ ಟೈರ್ ಒಳಗೆ ಹಾಕಿರುವ ಸೀಲೆಂಟ್ ದ್ರವ ತಾನೇ ಮುಚ್ಚಿಬಿಡುತ್ತದೆ, ಸ್ವಲ್ಪ ದೊಡ್ಡದಾದರೆ ರಬ್ಬರ್ ಪ್ಲಗ್ ತುರುಕಿದರೆ ಆಯಿತು. ಪಕ್ಕದ ಸೀಳು ಹಾಗಲ್ಲ. ಚಕ್ರ ಉರುಳಿದಂತೆಲ್ಲ ಆ ಜಾಗ ಮಡಚಿ ಬಿಚ್ಚುತ್ತಲೇ ಇರುತ್ತದೆ, ಯಾವ ಪ್ಲಗ್ಗೂ ನಿಲ್ಲುವುದಿಲ್ಲ. ಬೆನ್ನಚೀಲದಲ್ಲಿ ಒಂದು ಟ್ಯೂಬ್ ಇತ್ತು. ಸೀಲೆಂಟ್ ಮೆತ್ತಿದ ಟೈರ್ ಒಳಗೆ ಅದನ್ನು ಕೂರಿಸಿ ಗಾಳಿ ಹಾಕಿದೆ, ನೂರು ಮೀಟರ್ ಹೋಗುವುದರೊಳಗೆ ಅದೂ ಚಪ್ಪಟೆ. ತಿಂಗಳುಗಟ್ಟಲೆ ಚುಚ್ಚಿಕೊಂಡಿದ್ದ ಮುಳ್ಳುಗಳು ಟೈರ್ ಒಳಗೆ ಹಾಗೇ ಇದ್ದವು. ಟ್ಯೂಬ್‌ಲೆಸ್‌ನಲ್ಲಿ ಅವು ಇದ್ದದ್ದೇ ಗೊತ್ತಾಗುವುದಿಲ್ಲ, ಟ್ಯೂಬ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ದಯವಿಟ್ಟು, ಟ್ಯೂಬ್ ಹಾಕುವ ಮುಂಚೆ ಟೈರ್ ಒಳಗೆಲ್ಲ ನಿಧಾನಕ್ಕೆ ಬೆರಳಾಡಿಸಿ ನೋಡಿ, ಒಂದೊಂದೇ ಮುಳ್ಳು ಕೀಳಿ. ಆ ದಿನ ಎರಡು ಗಂಟೆ ಸೈಕಲ್ ತಳ್ಳಿಕೊಂಡು ನಡೆದೆ.

ಅದಾದ ಮೇಲೆ ಹಾಕಿಸಿದ್ದು ಮುಂದೆ ಮ್ಯಾಕ್ಸಿಸ್ ಕಂಪನಿಯ ಅಸಗೈ, ಹಿಂದೆ ಅದೇ ಕಂಪನಿಯ ಮಿನಿಯನ್ ಡಿಎಚ್‌ಆರ್ 2. ಎರಡೂ ಡಬಲ್‌ಡೌನ್ ಕೇಸಿಂಗ್, ಅಂದರೆ ಬಟ್ಟೆಯ ಪದರ ಒಂದಲ್ಲ, ಎರಡು. ಮೊದಲ ತಿಂಗಳು ನನಗೆ ನಿಜವಾಗಿ ಬೇಜಾರಾಗಿತ್ತು. ಎರಡೂ ಚಕ್ರ ಸೇರಿ ಅರ್ಧ ಕೆಜಿ ಜಾಸ್ತಿಯಾಗಿತ್ತು. ಚೌಕಟ್ಟಿನ ಮೇಲೆ ಅರ್ಧ ಕೆಜಿ ಹೊತ್ತರೆ ಅಷ್ಟು ತಿಳಿಯುವುದಿಲ್ಲ, ಆದರೆ ಇದು ಚಕ್ರದ ಅಂಚಿನಲ್ಲಿ ಕೂತ ತೂಕ, ಪ್ರತಿ ಸಲ ವೇಗ ತೆಗೆದುಕೊಳ್ಳುವಾಗಲೂ ಕಾಲು ಲೆಕ್ಕ ಕೇಳುತ್ತದೆ. ಡಾಂಬರು ರಸ್ತೆಯಲ್ಲಿ ಗುಂಯ್ ಅನ್ನುವ ಸದ್ದು. ಏರಿನಲ್ಲಿ ಗೆಳೆಯರೆಲ್ಲ ಮುಂದೆ ಹೋಗುತ್ತಿದ್ದರು. ಮಾರಿಬಿಡೋಣ ಅಂತಲೂ ಅನ್ನಿಸಿತ್ತು.

ಮನಸ್ಸು ಬದಲಾಗಿದ್ದು ಗಾಳಿ ಇಳಿಸಿದ ಮೇಲೆ. ಮೊದಲು ಹಳೆಯ ಅಭ್ಯಾಸದಂತೆ 28 ಹಾಕಿಯೇ ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ 25ಕ್ಕೆ ಇಳಿಸಿದೆ. ಮುಂದಿನ ವಾರ 23. ಆಮೇಲೆ 21. ತೆಳು ಟೈರ್‌ನಲ್ಲಿ ಇಷ್ಟು ಇಳಿಸಿದರೆ ತಿರುವಿನಲ್ಲಿ ಟೈರ್ ಅಡ್ಡಕ್ಕೆ ಮಗುಚುತ್ತದೆ, ಬೀಡ್ (ರಿಮ್‌ಗೆ ಕಚ್ಚಿಕೊಳ್ಳುವ ಟೈರ್‌ನ ಅಂಚು) ರಿಮ್ ಬಿಟ್ಟು ಬುಸ್ ಅಂತ ಗಾಳಿ ಉಗುಳುತ್ತದೆ, ಕಲ್ಲಿಗೆ ತಾಗಿದರೆ ರಿಮ್ಮೇ ನೆಗ್ಗುತ್ತದೆ. ಇಲ್ಲಿ ಅದ್ಯಾವುದೂ ಆಗಲಿಲ್ಲ. ಗಾಳಿಯ ಜೊತೆ ಸೈಡ್‌ವಾಲೂ ಒಂದಿಷ್ಟು ಭಾರ ಹೊತ್ತುಕೊಂಡು ಮಗುಚದೆ ನಿಲ್ಲುತ್ತದೆ. ಬೇರಿನ ಮೇಲೆ ಚಕ್ರ ಪುಟಿಯುವುದು ನಿಂತು ಅದನ್ನು ತಬ್ಬಿಕೊಂಡು ದಾಟಲು ಶುರುವಾಯಿತು. ಹಳೆಯ ಟೈರ್‌ನಲ್ಲೂ ಬಟನ್ ಚೆನ್ನಾಗಿಯೇ ಇತ್ತು, ಅದು ನೆಲ ಮುಟ್ಟುವಷ್ಟು ಗಾಳಿ ಇಳಿಸುವ ಧೈರ್ಯ ಮಾತ್ರ ಆ ಟೈರ್ ನನಗೆ ಕೊಟ್ಟಿರಲಿಲ್ಲ. ಗ್ರಿಪ್ ಬೇಕು ಅಂತ ಟೈರ್ ಹುಡುಕುವವರಿಗೆ ನಾನು ಮೊದಲು ಕೇಳುವುದೂ ಇದೇ, ಕೇಸಿಂಗ್ ಯಾವುದು ನೋಡಿದ್ರಾ?

ಟಿಪಿಐ ನೋಡಿ ಮೋಸ ಹೋಗಬೇಡಿ. ಒಂದು ಇಂಚಿನಲ್ಲಿ ಎಷ್ಟು ದಾರ ಅನ್ನುವ ಲೆಕ್ಕ ಅದು. ಅಂಕಿ ಜಾಸ್ತಿ ಅಂದರೆ ದಾರ ಸಣ್ಣ, ಟೈರ್ ಮೆತ್ತಗೆ ಬಗ್ಗುತ್ತದೆ. ಗಟ್ಟಿ ಅಂತ ಅರ್ಥ ಅಲ್ಲ. ಪದರ ಎಷ್ಟು ಅನ್ನುವುದೇ ಮುಖ್ಯ.

ಬಟನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಸಗೈ ನನಗೆ ಅಷ್ಟು ಇಷ್ಟ. ಡೌನ್‌ಹಿಲ್ (ಇಳಿಜಾರಿನ ಸೈಕಲ್ ರೇಸ್) ವಿಶ್ವ ಚಾಂಪಿಯನ್ ಆಗಿದ್ದ ಗ್ರೆಗ್ ಮಿನ್ನಾರ್ ಜೊತೆ ಸೇರಿ ಮಾಡಿದ ಟೈರ್ ಇದು. ಅಸಗೈ ಅಂದರೆ ಈಟಿ. ಹಳೆಯ ಮಿನಿಯನ್ ಡಿಎಚ್‌ಎಫ್‌ನಲ್ಲಿ ನಡುವಿನ ಬಟನ್‌ಗಳಿಗೂ ಅಂಚಿನ ಬಟನ್‌ಗಳಿಗೂ ಮಧ್ಯೆ ಒಂದು ಕಾಲುವೆ ಇದೆ. ಸೈಕಲ್ ಪೂರ್ತಿ ವಾಲಿಸಿದರೆ ಅಂಚು ಕಚ್ಚಿಕೊಳ್ಳುತ್ತದೆ, ಅರ್ಧಂಬರ್ಧ ವಾಲಿಸಿದರೆ ಒಂದು ಕ್ಷಣ ತೇಲಿದಂತೆ ಆಗುತ್ತದೆ. ಅಸಗೈ ಆ ಕಾಲುವೆಯಲ್ಲೂ ಬಟನ್ ಇಟ್ಟಿದೆ. ನನ್ನ ಹಾಗೆ ತಿರುವಿನಲ್ಲಿ ಸ್ವಲ್ಪ ಅನುಮಾನಿಸಿ ವಾಲಿಸುವವರಿಗೆ ಇದೇ ಸರಿ. ಮುಂದೆ ತುಂಬಾ ಮೃದು ರಬ್ಬರ್ ಮ್ಯಾಕ್ಸ್‌ಗ್ರಿಪ್, ಹಿಂದೆ ಅದಕ್ಕಿಂತ ಗಟ್ಟಿ ಮ್ಯಾಕ್ಸ್‌ಟೆರ್ರಾ. ಹಿಂದಿನ ಚಕ್ರಕ್ಕೂ ಮೃದು ರಬ್ಬರ್ ಹಾಕಿದರೆ ಬೇಗ ಸವೆಯುತ್ತದೆ, ತುಳಿಯೋದೂ ಕಷ್ಟ. ನನ್ನ ಜೇಬಿಗೆ ಅದು ಆಗುವುದಿಲ್ಲ. ಈ ಎರಡು ವರ್ಷದಲ್ಲಿ ಹಿಂದೆ ಮೂರನೆಯ ಟೈರ್ ಓಡುತ್ತಿದೆ, ಮುಂದೆ ಎರಡನೆಯದು. ಪಕ್ಕ ಸೀಳಿದ್ದು ಒಂದೂ ಇಲ್ಲ. ಎಲ್ಲ ಬಟನ್ ಸವೆದು ಬಿಟ್ಟವೇ.

ಪ್ರತಿ ಸಲ ಹೊರಡುವ ಮುಂಚೆ ನಾನು ಮಾಡುವ ಕೆಲಸವೊಂದಿದೆ, ಅದಿಲ್ಲದೆ ಸಮಾಧಾನ ಇಲ್ಲ. ಮೊದಲು ಹೆಬ್ಬೆರಳಲ್ಲಿ ಒತ್ತಿ ಎಷ್ಟಿರಬಹುದು ಅಂತ ಅಂದಾಜು ಮಾಡುತ್ತೇನೆ, ಆಮೇಲೆ ಒತ್ತಡ ಅಳೆಯುವ ಗೇಜ್ ಹಚ್ಚುತ್ತೇನೆ. ಈಗೀಗ ಒಂದು ಪಿಎಸ್‌ಐ ಒಳಗೆ ಹೇಳಬಲ್ಲೆ. ಪಂಪ್‌ಗೆ ಅಂಟಿರುವ ಗೇಜ್‌ನ ಮುಳ್ಳನ್ನು ನಂಬಬೇಡಿ, ಕಡಿಮೆ ಒತ್ತಡದಲ್ಲಿ ಅದು ಸರಿಯಾಗಿ ತೋರಿಸುವುದೇ ಅಪರೂಪ, ಬೇರೆ ಗೇಜ್ ಒಂದು ಇಟ್ಟುಕೊಳ್ಳಿ. ಆಮೇಲೆ ಚಕ್ರ ಮೆಲ್ಲಗೆ ತಿರುಗಿಸುತ್ತಾ ಬಟನ್‌ಗಳ ಬುಡ ನೋಡುತ್ತೇನೆ, ಅಂಚಿನವು ಬುಡದಲ್ಲಿ ಹರಿಯಲು ಶುರುವಾದರೆ ಬದಲಿಸುವ ಹೊತ್ತು ಬಂತು ಅಂತ. ಕೊನೆಗೆ ಚಕ್ರವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಕುಲುಕುಲು ಅಂದರೆ ಸೀಲೆಂಟ್ ಇದೆ. ಸದ್ದಿಲ್ಲದಿದ್ದರೆ ಒಣಗಿದೆ. ಲ್ಯಾಟೆಕ್ಸ್ ಸೀಲೆಂಟ್ ಎರಡರಿಂದ ಆರು ತಿಂಗಳೊಳಗೆ ಒಣಗುತ್ತದೆ, ಬಿಸಿ ಜಾಸ್ತಿ ಇದ್ದರೆ ಇನ್ನೂ ಬೇಗ. ನಾನು ಮೂರು ತಿಂಗಳಿಗೊಮ್ಮೆ ವಾಲ್ವ್ ಕೋರ್ (ವಾಲ್ವ್ ಒಳಗಿನ ಸಣ್ಣ ಪಿನ್) ಬಿಚ್ಚಿ ಅಲ್ಲಿಂದಲೇ ತುಂಬುತ್ತೇನೆ. ಹೊಸ ಟೈರ್‌ಗೆ 120 ಮಿಲಿ, ಆಮೇಲೆ ಸುಮಾರು ಅದರ ಅರ್ಧ.

ದಪ್ಪ ಕೇಸಿಂಗ್ ಕೂರಿಸುವುದು ಬೆರಳಿಗೆ ಶಿಕ್ಷೆ, ಅದನ್ನು ಮುಚ್ಚಿಡುವುದಿಲ್ಲ. ಟೈರ್ ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ, ಅಂಚಿಗೆ ಸೋಪಿನ ನೀರು ಹಚ್ಚಿ, ಬೀಡನ್ನು ರಿಮ್‌ನ ನಡುವಿನ ತಗ್ಗಿಗೆ ತಳ್ಳಿ, ಕೊನೆಯ ಭಾಗ ವಾಲ್ವ್ ಹತ್ತಿರ ಬರುವಂತೆ ನೋಡಿಕೊಳ್ಳಿ. ವಾಲ್ವ್ ಕೋರ್ ತೆಗೆದು ಗಾಳಿ ಹೊಡೆದರೆ ಟಪ್ ಟಪ್ ಅಂತ ಕೂರುತ್ತದೆ. ಆ ಸದ್ದು ಕೇಳಿದಾಗ ಇವತ್ತಿಗೂ ಖುಷಿಯಾಗುತ್ತದೆ.

ಏರು ಹತ್ತುವುದೇ ನಿಮ್ಮ ಸಂತೋಷ ಅಂದರೆ ಇದನ್ನು ತಗೋಬೇಡಿ. ದಾರಿ ಮಣ್ಣಿನದು, ಕಲ್ಲು ಕಡಿಮೆ, ತೂಕವೂ ನನ್ನ 78 ಕೆಜಿಗಿಂತ ತುಂಬಾ ಕಡಿಮೆ ಅಂದರೂ ಬೇಡ. ಮುಂದೆ ಹಗುರ, ಹಿಂದೆ ದಪ್ಪ ಅಂತ ಬೆರೆಸಿ ನೋಡಬಹುದು, ಹೊಡೆತ ಜಾಸ್ತಿ ಬೀಳುವುದು ಹಿಂದಿನದಕ್ಕೇ ಅಲ್ವಾ. ನಾನು ಹಾಗೆ ಮಾಡುವುದಿಲ್ಲ, ಮುಂದಿನ ಚಕ್ರದ ಆ 21 ಪಿಎಸ್‌ಐ ಬಿಡಲು ಮನಸ್ಸಿಲ್ಲ. ಹಿಂದಿನದರ ನಡು ಬಟನ್ ಈಗ ಅರ್ಧಕ್ಕೆ ಬಂದಿದೆ. ಅದೇ ಡಿಎಚ್‌ಆರ್ 2, ಅದೇ ಡಬಲ್‌ಡೌನ್ ತಂದಿಟ್ಟಿದ್ದೇನೆ. ಈ ಭಾನುವಾರ ಬಿಸಿಲಿಗಿಡಬೇಕು.