ಕಟ್ಟಿದ ಮೂಗಿಗೆ ಐದು ಉಪಚಾರ, ಅಳೆಯಲು ಒಂದು ಸ್ಟೀಲ್ ತಟ್ಟೆ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ನನಗೆ ನೆಗಡಿ ತಪ್ಪಿದ್ದಲ್ಲ. ಹಿಂದೂಸ್ತಾನಿ ಕಲಿಯುತ್ತಿರುವವಳು ನಾನು. ಬಾಯಿ ಮುಚ್ಚಿ ಷಡ್ಜ ಗುನುಗಲು ಗಾಳಿಗೆ ಇರುವುದು ಮೂಗೊಂದೇ ದಾರಿ. ಅದು ಪೂರ್ತಿ ಕಟ್ಟಿದರೆ ಸ್ವರವೇ ಹೊರಡುವುದಿಲ್ಲ.

ಈ ಸಲ ದಿನಕ್ಕೊಂದರಂತೆ ಐದು ಉಪಚಾರ ಮಾಡಿ ನೋಡಿದೆ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಟ್ಟರೆ ಎರಡು ಹಬೆಯ ಕಲೆ ಮೂಡುತ್ತವೆ; ಹೊಳ್ಳೆ ತೆರೆದಷ್ಟೂ ಕಲೆ ದೊಡ್ಡದು. ಹೊಳ್ಳೆಗಳು ಸರದಿಯಂತೆ ಕೆಲವು ತಾಸಿಗೊಮ್ಮೆ ಬಿಗಿದು ಸಡಿಲಾಗುವುದು ಸಹಜ. ಹಾಗಾಗಿ ಎರಡೂ ಕಲೆಗಳನ್ನು ಸೇರಿಸಿಯೇ, ಉಪಚಾರಕ್ಕೆ ಮೊದಲು ಮತ್ತು ನಂತರ ನೋಡಿದೆ.

ಮೊದಲು ನೆಗಡಿ ಮಾತ್ರೆ. ಅದರಲ್ಲಿದ್ದದ್ದು ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್. ಮೈಕೈ ನೋವು ಇಳಿಯಿತು, ಸೀನು ತಗ್ಗಿತು, ನಿದ್ದೆ ಎಳೆಯಿತು. ತಟ್ಟೆಯ ಕಲೆ ಮಾತ್ರ ಒಂದು ತಾಸಿನ ನಂತರವೂ ಇದ್ದಷ್ಟೇ ಇತ್ತು. ಮೂಗು ಕಟ್ಟಲು ಸಿಂಬಳವೊಂದೇ ಕಾರಣವಲ್ಲ; ರಕ್ತನಾಳಗಳು ಹಿಗ್ಗಿ ಒಳಪದರ ಊದಿಕೊಂಡಿರುತ್ತದೆ. ಅದನ್ನು ಕುಗ್ಗಿಸಬೇಕಾದ ಫಿನೈಲ್‌ಎಫ್ರಿನ್ ನುಂಗಿದಾಗ ಬಹುಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ, ಬಾಯಿಯಿಂದ ತೆಗೆದುಕೊಂಡರೆ ಇದು ಮೂಗು ಬಿಡಿಸುವುದಿಲ್ಲ ಎಂದು ಒಮ್ಮತದಿಂದ ಹೇಳಿತ್ತು. ಪಟ್ಟಿಗಟ್ಟಲೆ ನುಂಗಿದ ವರ್ಷಗಳು ನೆನಪಾಗಿ ಬೇಸರವಾಯಿತು.

ಮುಲಾಮು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಎದೆಗೆ ಹಚ್ಚಿದ ಕ್ಷಣವೇ ಮೂಗು ತೆರೆಯಿತೆಂದು ಆಣೆ ಮಾಡಿ ಹೇಳುವಷ್ಟು ಹಾಯೆನಿಸಿತು. ತಟ್ಟೆ ಹಿಡಿದೆ: ಎಡಗಡೆ ಬೇಳೆಯಷ್ಟು, ಬಲಗಡೆ ನಾಣ್ಯದಷ್ಟು, ಮೊದಲಿನಂತೆಯೇ. ಮುಲಾಮಿನಲ್ಲಿರುವ ಮೆಂಥಾಲ್ ಮೂಗಿನೊಳಗಿನ ತಂಪು ಗ್ರಹಿಸುವ ನರಗಳನ್ನು ಕೆಣಕುತ್ತದೆ, ದಾರಿ ಅಗಲ ಮಾಡುವುದಿಲ್ಲ. ಆದರೂ ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಆ ಹಾಯೂ ನನಗೆ ಬೇಕು.

ಅವ್ವನ ನಂಬಿಕೆ ಬಿಸಿನೀರಿನ ಹಬೆಯ ಮೇಲೆ. ಸಿಂಬಳ ಸಡಿಲಾಗಿ ಹತ್ತು ನಿಮಿಷ ಆರಾಮ, ಅಷ್ಟೇ. ಮಕ್ಕಳಿರುವ ಮನೆಯಲ್ಲಿ ಕುದಿಯುವ ನೀರಿನ ಪಾತ್ರೆ ಇಡಬೇಡಿ.

ಮೂಗಿಗೆ ಬಿಡುವ ಕ್ಸೈಲೋಮೆಟಾಜೋಲಿನ್ ಸ್ಪ್ರೇ ಐದೇ ನಿಮಿಷದಲ್ಲಿ ಎರಡೂ ಕಲೆಗಳನ್ನು ಹಿಗ್ಗಿಸಿತು, ಷಡ್ಜ ತಾನಾಗಿ ಹೊರಟಿತು. ಐದರಲ್ಲಿ ಇದರದೇ ಮೇಲುಗೈ. ಆದರೆ ಕೆಲವೇ ದಿನ ಮೀರಿ ಬಳಸಿದರೆ ಔಷಧದಿಂದಲೇ ಮೂಗು ಮತ್ತೆ ಕಟ್ಟತೊಡಗುತ್ತದೆ. ಹಿಂದೊಮ್ಮೆ ಎರಡು ವಾರ ಬಳಸಿ, ಬಿಡಿಸಿಕೊಳ್ಳಲು ಒದ್ದಾಡಿದ್ದೇನೆ. ಅವ್ವನಿಗೆ ರಕ್ತದೊತ್ತಡವಿದೆ, ವೈದ್ಯರನ್ನು ಕೇಳದೆ ಕೊಡುವುದಿಲ್ಲ.

ಉಪ್ಪುನೀರಿನಿಂದ ಮೂಗು ತೊಳೆಯಲು ನಾನು ಹೆದರುತ್ತಿದ್ದೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿದರೆ ಉರಿಯುವುದಿಲ್ಲ. ನಮ್ಮಲ್ಲಿ ಮಲಪ್ರಭೆ ನೀರನ್ನು ದಿನಗಟ್ಟಲೆ ತುಂಬಿಡುತ್ತೇವೆ. ಅದನ್ನು ಚೆನ್ನಾಗಿ ಕುದಿಸಿ ಆರಿಸದೆ ಮೂಗಿಗೆ ಬಿಡಲೇಬಾರದು. ಕಲೆ ಸ್ಪ್ರೇಯಷ್ಟು ಹಿಗ್ಗಲಿಲ್ಲ, ಆದರೆ ಗಟ್ಟಿ ಸಿಂಬಳ ಹೊರಬಂದು ಸ್ವರ ತಿಳಿಯಾಯಿತು. ಈಗ ರಿಯಾಜಿಗೆ ಮೊದಲು ಇದೇ. ಸ್ಪ್ರೇಯನ್ನು ನಿದ್ದೆ ಬಾರದ ರಾತ್ರಿಗೆಂದು, ಅದೂ ಮೂರೇ ದಿನಕ್ಕೆ, ಎತ್ತಿಟ್ಟಿದ್ದೇನೆ.