ಎರಡು ಸಾವಿರದ ಏರ್‌ಬ್ರಶ್, ಎರಡು ವರ್ಷದ ಮೇಲೆ

1:72 ಅಳತೆಯ (ನಿಜದ 72ನೇ ಒಂದು ಪಾಲು) ಮಿಗ್-21 ಯುದ್ಧವಿಮಾನದ ಮಾದರಿಗೆ ಕೈಬ್ರಶ್ಶಿನಲ್ಲಿ ಬಣ್ಣ ಹಚ್ಚಿ, ರೆಕ್ಕೆ ತುಂಬಾ ಗೀರು ಬಿದ್ದಾಗ ಬೇಜಾರಾಗಿ ತರಿಸಿಕೊಂಡದ್ದು ಈ ಏರ್‌ಬ್ರಶ್, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ. 0.3 ಮಿ.ಮೀ. ನಾಝಲ್ (ಬಣ್ಣ ಹೊರಬರುವ ಮೂತಿ), ತಲೆ ಮೇಲೆ ಬಣ್ಣದ ಕಪ್, ಡ್ಯುಯಲ್ ಆ್ಯಕ್ಷನ್ (ಒಂದೇ ಟ್ರಿಗರ್‌ನಲ್ಲಿ ಗಾಳಿ, ಬಣ್ಣ ಎರಡೂ). ಆಗ ಬೆಲೆ ಸುಮಾರು 2,000 ರೂಪಾಯಿ ಇತ್ತು.

ಮೊದಲ ತಿಂಗಳು ಬರೀ ಉಗುಳಿತು. ಮಾಲು ಸರಿ ಇಲ್ಲ ಅಂತ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನ ಬೆರಳಿನದು. ಟ್ರಿಗರ್ ಕೆಳಕ್ಕೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ನಾನು ಮುಗಿಸುವಾಗ ಬೆರಳನ್ನು ಒಮ್ಮೆಲೇ ಎತ್ತಿಬಿಡುತ್ತಿದ್ದೆ. ಗಾಳಿ ನಿಂತರೂ ಬಣ್ಣ ಬಿಡುವ, ತಡೆಯುವ ಒಳಗಿನ ಸೂಜಿಯ ತುದಿಯಲ್ಲಿ ಒಂದು ಹನಿ ಉಳಿಯುತ್ತಿತ್ತು, ಮುಂದಿನ ಸಲ ಒತ್ತಿದ ಕೂಡಲೇ ಅದು ಪಚಕ್ಕನೆ ರೆಕ್ಕೆಗೆ! ಗಾಳಿ ಬಿಡದೆ ಮೊದಲು ಟ್ರಿಗರ್ ಮುಂದಕ್ಕೆ ತಂದು ಬಣ್ಣ ನಿಲ್ಲಿಸಬೇಕು, ಆಮೇಲೆ ಬೆರಳು ಎತ್ತಬೇಕು. ಐಸ್‌ಕ್ರೀಮ್ ಡಬ್ಬದ ಮುಚ್ಚಳಗಳ ಮೇಲೆ ಚುಕ್ಕಿ, ಗೆರೆ ಎಳೆದೇ ಕೈ ಕುದುರಿದ್ದು.

ಬಣ್ಣ ಹಾಲಿನಷ್ಟು ತೆಳುವಾಗಿರಬೇಕು. ತಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣಕ್ಕೆ ನಾನು ಅವರದೇ ಎಕ್ಸ್-20ಎ ಥಿನ್ನರ್ (ಬಣ್ಣ ತೆಳುವಾಗಿಸುವ ದ್ರವ) ಸರಿಸಮ ಹಾಕುತ್ತೇನೆ, ಗಾಳಿಯ ಒತ್ತಡ 15–20 ಪಿಎಸ್‌ಐ (ಒತ್ತಡದ ಅಳತೆ). ತೀರಾ ನೀರಾಗಿ, ಹತ್ತಿರದಿಂದ ಹೊಡೆದರೆ ಜೇಡದ ಕಾಲಿನ ಹಾಗೆ ಹರಡುತ್ತದೆ.

ದುಡ್ಡು ಉಳಿಸೋದಾದರೆ ಏರ್‌ಬ್ರಶ್ಶಿನಲ್ಲಿ ಉಳಿಸಿ, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್‌ನಲ್ಲಿ ಬೇಡ. ಜೊತೆಗೆ ತಗೊಂಡ ಟ್ಯಾಂಕ್ ಇಲ್ಲದ ಪುಟ್ಟ ಕಂಪ್ರೆಸರ್ ಹತ್ತು ನಿಮಿಷಕ್ಕೆ ಬಿಸಿಯಾಗುತ್ತಿತ್ತು, ಗಾಳಿಯೂ ಬಿಟ್ಟು ಬಿಟ್ಟು ಬರುತ್ತಿತ್ತು. ಮೂರು ಲೀಟರ್ ಟ್ಯಾಂಕಿನದು ತಂದ ಮೇಲೆ ಇದೇ ಏರ್‌ಬ್ರಶ್ ಬೇರೆಯದೇ ಅನ್ನಿಸಿತು. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ನೀರು ಹಿಡಿಯುವ ಫಿಲ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಬಣ್ಣದ ಮಧ್ಯೆ ನೀರಿನ ಹನಿ ಬೀಳುತ್ತದೆ.

ಇದರ ನಿಜವಾದ ಕೊರತೆ ನಾಝಲ್. ಅಕ್ಕಿಕಾಳಿನಷ್ಟು ಸಣ್ಣದು, ತಿರುಪು ಇನ್ನೂ ಸಣ್ಣದು. ಒಂದು ಭಾನುವಾರ ಸ್ವಲ್ಪ ಜಾಸ್ತಿ ಬಿಗಿ ಮಾಡಿದೆ, ಟಕ್ ಅಂತ ಮುರಿದು ಅರ್ಧ ಒಳಗೇ ಉಳಿಯಿತು. ಸಣ್ಣ ಅರದ ಚೂಪು ಹಿಡಿಯನ್ನು ತೂರಿಸಿ ಎಡಕ್ಕೆ ಮೆಲ್ಲಗೆ ತಿರುಗಿಸಿ ತೆಗೆದೆ, ಅರ್ಧ ದಿನ ಹೋಯಿತು. ಅಂದಿನಿಂದ ಪಾನಾ ಬರೀ ಎರಡು ಬೆರಳಲ್ಲಿ. ಕಪ್‌ನಲ್ಲಿ ಗುಳ್ಳೆ ಎದ್ದರೆ ನಾಝಲ್ ಸರಿಯಾಗಿ ಕೂತಿಲ್ಲ ಅಂತಲೇ ಮೊದಲು ನೋಡುತ್ತೇನೆ.

ಪ್ರತಿ ಸಲ ತೊಳೆಯಲು ಹದಿನೈದು ನಿಮಿಷ ಬೇಕು, ಅದಕ್ಕೆ ಸೋಮಾರಿತನ ಮಾಡುವವರು ಸುಮ್ನೆ ಕೈಬ್ರಶ್ಶಿನಲ್ಲೇ ಇರಿ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ. ನನ್ನ ಡಬ್ಬದಲ್ಲಿ ಈಗ ಮೂರು ನಾಝಲ್ ಸ್ಪೇರ್ ಇವೆ. ತುದಿ ಬಾಗಿದ ಹಳೆ ಸೂಜಿಯನ್ನೂ ಎಸೆದಿಲ್ಲ. ಗಟ್ಟಿಯಾದ ಬಣ್ಣದ ಬಾಟಲಿ ಕಲಕೋಕೆ ಅದೇ.