ಕಳ್ಳರ ಕೈಗೆ ಸಿಗದ ಬ್ಯಾಗ್ ಅಂತೆ, ಹೊಲಿಗೆ ಬಿಚ್ಚಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು ಸ್ಟಾರ್. ಬ್ಯಾಗು ಕೆಟ್ಟದ್ದೇನಲ್ಲ. ಆದರೆ ಇದನ್ನು ಮಾಡಿದವರು ನಮ್ಮ ಕಡೆಯ ರಶ್ ಬಸ್ಸನ್ನು ಒಂದು ಸಲವೂ ಹತ್ತಿಲ್ಲ ಅನ್ನೋದು ಗ್ಯಾರಂಟಿ.

ನಾನು ಚಿತ್ರದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ಸು, ಕುಚ್ಚು. ಲೈನಿಂಗ್ ಬಟ್ಟೆ, ಜಿಪ್ಪು, ಹುಕ್ಕು, ಲೇಸು ತರೋದಕ್ಕೆ ದಾವಣಗೆರೆಗೆ ಹೋಗುತ್ತೇನೆ. ದುರ್ಗದಲ್ಲೂ ಸಿಗುತ್ತವೆ. ಆದರೆ ಚೌಕಿಪೇಟೆ ಕಡೆಯ ಹೋಲ್‌ಸೇಲ್ ರೇಟು ನೋಡಿದರೆ ಅರವತ್ತು ಕಿಲೋಮೀಟರ್ ಹೋಗಿಬಂದರೂ ಲಾಭವೇ. 1997ರ ತನಕ ದಾವಣಗೆರೆ ನಮ್ಮ ಜಿಲ್ಲೆಯೊಳಗೇ ಇತ್ತು. ಈಗ ಅದು ಬೇರೆ ಜಿಲ್ಲೆ, ಆದರೂ ವ್ಯಾಪಾರದ ಮಟ್ಟಿಗೆ ನಮಗೆ ಅದೇ ಪೇಟೆ. ಅಂಗಡಿಯವರೆಲ್ಲ ಈಗ ಫೋನ್‌ಪೇ ತಗೊಳ್ಳುತ್ತಾರೆ ನಿಜ. ಆದರೆ ಚೌಕಾಸಿ ಮಾಡುವಾಗ ಕೈಯಲ್ಲಿ ನೋಟಿದ್ದರೆ ಅದರ ಗತ್ತೇ ಬೇರೆ, ಅಲ್ವಾ? ಹಾಗಾಗಿ ಹೋಗುವಾಗ ಮೈಮೇಲೆ ದುಡ್ಡು, ಬರುವಾಗ ತಲೆ ಮೇಲೆ ಗಂಟು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ, ಅಂದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಫ್ರೀ ಪ್ರಯಾಣ, ಶುರುವಾಯಿತು. ನನ್ನಂಥವರಿಗೆ ಅದರಿಂದ ಉಳಿತಾಯ ಸಣ್ಣದಲ್ಲ, ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆದರೆ ಬಸ್ಸು ಮೊದಲಿಗಿಂತ ತುಂಬಿರುತ್ತೆ, ಅದೂ ಸುಳ್ಳಲ್ಲ. ನಾಯಕನಹಟ್ಟಿ ತೇರಿನ ದಿನಗಳಲ್ಲಿ, ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಕೇಳೋದೇ ಬೇಡ. ರಶ್ಶು ಇದ್ದ ಕಡೆ ಕೈಚಳಕದವರು ಇದ್ದೇ ಇರುತ್ತಾರೆ. ನನ್ನ ಗಿರಾಕಿ ಒಬ್ಬರ ವ್ಯಾನಿಟಿ ಬ್ಯಾಗಿನ ತಳವನ್ನು ಯಾರೋ ಬ್ಲೇಡಿನಲ್ಲಿ ಕೊಯ್ದು ಪರ್ಸು ಎತ್ತಿದ್ದರು. ಆ ಬ್ಯಾಗು ರಿಪೇರಿಗೆ ನನ್ನ ಹತ್ತಿರ ಬಂತು. ಕೊಯ್ತ ನೋಡಿ ನನಗೇ ಆಶ್ಚರ್ಯ. ಅಷ್ಟು ನೇರವಾಗಿ ನಾನು ಚಾಕ್‌ಪೀಸಿನ ಗೆರೆ ಹಾಕಿಕೊಂಡರೂ ಕತ್ತರಿಸಲಾರೆ. ಅದಾದ ಮೇಲೆ ಆನ್‌ಲೈನಿನಲ್ಲಿ ಈ ಬ್ಯಾಗ್ ತರಿಸಿದೆ, 899 ರೂಪಾಯಿ. ಕಂಪನಿ ಹೆಸರು ಬೇಡ. ಇದೇ ಮಾದರಿ ಬ್ಯಾಗು ಹತ್ತಾರು ಹೆಸರಲ್ಲಿ ಸಿಗುತ್ತೆ, ಒಳಗೆ ಹೆಚ್ಚುಕಮ್ಮಿ ಒಂದೇ.

ಡಬ್ಬದ ಮೇಲೆ ನಾಲ್ಕು ಮಾತು ಬರೆದಿದ್ದರು. ಬ್ಲೇಡಿಗೆ ಬಗ್ಗದ ಬಟ್ಟೆ, ಕತ್ತರಿಸಲಾಗದ ಪಟ್ಟಿ, ಲಾಕ್ ಆಗುವ ಜಿಪ್ಪು, ಕಾರ್ಡನ್ನು ಯಾರೂ ಕದ್ದು ಸ್ಕ್ಯಾನ್ ಮಾಡಲಾಗದ ಜೇಬು. ಬೂದು ಬಣ್ಣ, ಹೆಗಲಿಂದ ಅಡ್ಡಕ್ಕೆ ಹಾಕಿಕೊಳ್ಳುವ ಬ್ಯಾಗು. ನೋಡೋಕೆ ನೀಟಾಗಿದೆ. ಹೊಲಿಗೆ ಬಿಗಿ, ಮೂಲೆಗಳಲ್ಲಿ ಎರಡು ಸಲ ಓಡಿಸಿದ್ದಾರೆ, ದಾರ ಎಲ್ಲೂ ಜೋತಿಲ್ಲ. ಅದಕ್ಕೆ ಪೂರ್ತಿ ಮಾರ್ಕ್ಸ್.

ಹೊಸ ಬ್ಯಾಗು, ಆದರೂ ಕೈ ಸುಮ್ನಿರಲಿಲ್ಲ. ಮಾರನೇ ದಿನ ಒಳಗಿನ ಲೈನಿಂಗ್ ಹೊಲಿಗೆಯನ್ನು ಒಂದು ಗೇಣು ಬಿಚ್ಚಿದೆ. ಮುಂಭಾಗದಲ್ಲಿ ನಿಜವಾಗಿಯೂ ಸಣ್ಣ ತಂತಿಯ ಜಾಲರಿ ಇದೆ. ಬ್ಲೇಡು ಹಾಕಿ ಎಳೆದೆ, ಮೇಲಿನ ಬಟ್ಟೆ ಹರಿಯಿತು, ಜಾಲರಿ ತಡೆಯಿತು. ಸರಿ. ಆಮೇಲೆ ತಳಕ್ಕೆ ಕೈ ಹಾಕಿದೆ. ತಳದಲ್ಲಿ ಜಾಲರಿ ಇಲ್ಲ! ಬರೀ ಫೋಮು, ಅದರ ಮೇಲೆ ಬಟ್ಟೆ. ಬ್ಯಾಗ್ ಕೊಯ್ಯುವವರು ಕೆಳಗಿನಿಂದಲೇ ಕೊಯ್ಯೋದು. ಮುಂದೆ ಕೊಯ್ದರೆ ನಮ್ಮ ಕಣ್ಣಿಗೇ ಬೀಳುತ್ತಲ್ಲ. ಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗಾಯಿತು.

ಇನ್ನು ಜಿಪ್ಪು. ಇದು ನೈಲಾನ್ ಸುರುಳಿಯ ಐದನೇ ನಂಬರ್ ಜಿಪ್ಪು, ರನ್ನರಿಗೆ (ಎಳೆದರೆ ಜಿಪ್ಪಿನ ಮೇಲೆ ಓಡುವ ತುಂಡು) ಒಂದು ಕೊಕ್ಕೆ ಕೊಟ್ಟಿದ್ದಾರೆ, ಅದನ್ನು ಬದಿಯ ಬಳೆಗೆ ಸಿಕ್ಕಿಸಬೇಕು. ರನ್ನರ್ ಅಲ್ಲಾಡೋದಿಲ್ಲ, ಒಪ್ಪಿದೆ. ಆದರೆ ನೈಲಾನ್ ಜಿಪ್ ತೆರೆಯೋಕೆ ರನ್ನರ್ ಬೇಕಾಗೇ ಇಲ್ಲ. ಬಾಲ್‌ಪೆನ್ನಿನ ಮೊನೆಯನ್ನು ಹಲ್ಲುಗಳ ನಡುವೆ ಒತ್ತಿದರೆ ಸುರುಳಿ ಬಾಯಿಬಿಡುತ್ತೆ. ನಾನೂ ಒತ್ತಿದೆ, ಎರಡು ಬೆರಳು ತೂರಿತು. ಅಂಗಡಿಯಲ್ಲಿ ಕೆಲಸ ಕಲಿಯೋ ಹುಡುಗಿ ಬಾಯಿಮೇಲೆ ಕೈ ಇಟ್ಟುಕೊಂಡಳು. ದಪ್ಪ ಪ್ಲಾಸ್ಟಿಕ್ ಹಲ್ಲಿನ ಜಿಪ್ಪೋ ಲೋಹದ್ದೋ ಹಾಕಿದ್ದರೆ ಪೆನ್ನು ಇಷ್ಟು ಸುಲಭಕ್ಕೆ ಇಳಿಯುತ್ತಿರಲಿಲ್ಲ. ಬ್ಯಾಗ್ ಕೊಳ್ಳುವವರು ಬೀಗ ನೋಡಬೇಡಿ, ಹಲ್ಲು ನೋಡಿ.

ಕಾರ್ಡಿನ ಜೇಬಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ತಾಗಿಸಿದರೆ ದುಡ್ಡು ಹೋಗುವ ಕಾರ್ಡಿನಲ್ಲಿ ಪಿನ್ ಇಲ್ಲದೆ ಒಂದು ಸಲಕ್ಕೆ 5000 ರೂಪಾಯಿ ತನಕ ಹೋಗಬಹುದು, ಅದು 2021ರ ಜನವರಿಯಿಂದ ಇರುವ ಮಿತಿ. ಬೇಡವೆಂದರೆ ಬ್ಯಾಂಕಿನ ಆ್ಯಪಿನಲ್ಲೇ ಆ ಸೌಲಭ್ಯ ಬಂದ್ ಮಾಡಬಹುದು, ಅದಕ್ಕೆ ಜೇಬು ಯಾಕೆ? ದಾವಣಗೆರೆ ದಾರಿಯಲ್ಲಿ ಸಿಗುವ ಭರಮಸಾಗರದ ರಶ್ಶಿನಲ್ಲಿ ನನಗೆ ಭಯ ಇರೋದು ಕಾರ್ಡಿಗಲ್ಲ, ಫೋನಿಗೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಬರುವ ಹದಿನೈದು ಅಂಕಿಯ ಐಎಂಇಐ ನಂಬರನ್ನು, ಅಂದರೆ ಫೋನಿನ ಗುರುತಿನ ನಂಬರನ್ನು, ನನ್ನ ಅಳತೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಫೋನ್ ಹೋದರೆ ಪೊಲೀಸರಿಗೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಈ ನಂಬರ್ ಹಾಕಿ ಬ್ಲಾಕ್ ಮಾಡಿಸಬಹುದು. ಖಾತೆಯಿಂದ ದುಡ್ಡೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಈಗ ಪಟ್ಟಿಯ ವಿಷಯ. ನಾನು ಎರಡು ಸ್ಟಾರ್ ಕಿತ್ತುಕೊಂಡದ್ದು ಇದಕ್ಕೇ.

ಪಟ್ಟಿಯೊಳಗೆ ಉಕ್ಕಿನ ತಂತಿ ಇದೆ. ನನ್ನ ಹತ್ತಿಂಚಿನ ಕತ್ತರಿಗೂ ಅದು ಜಗ್ಗಲಿಲ್ಲ. ಹೇಳಿದ ಮಾತು ಉಳಿಸಿಕೊಂಡಿದ್ದಾರೆ. ಆದರೆ ಬಸ್ಸಿನಲ್ಲಿ ಅದೇ ಕುತ್ತು. ದಾವಣಗೆರೆಯಲ್ಲಿ ಒಮ್ಮೆ ಇಳಿಯುವಾಗ ಬಾಗಿಲ ಪಕ್ಕದ ಕಂಬಿಗೆ ಪಟ್ಟಿ ಸಿಕ್ಕಿಕೊಂಡಿತು. ನಾನು ಇಳಿದೆ, ಪಟ್ಟಿ ಇಳಿಯಲಿಲ್ಲ. ಹಿಂದಿನವರು ತಳ್ಳುತ್ತಿದ್ದಾರೆ, ಕುತ್ತಿಗೆ ಮೇಲಕ್ಕೆ ಎಳೆಯುತ್ತಿದೆ. ಬಸ್ಸು ನಿಂತೇ ಇತ್ತು, ಹಿಂದಿದ್ದ ಹೆಣ್ಣುಮಗಳು ಪಟ್ಟಿ ಬಿಡಿಸಿದಳು, ಅಲ್ಲಿಗೆ ಮುಗಿಯಿತು. ಬಸ್ಸು ಹೊರಟಿದ್ದರೆ? ಮಾಮೂಲಿ ಬ್ಯಾಗಿನ ಪಟ್ಟಿಯಾದರೆ ಜೋರಾಗಿ ಎಳೆದಾಗ ಹೊಲಿಗೆ ಬಿಚ್ಚುತ್ತೆ, ಬಕಲ್ ಮುರಿಯುತ್ತೆ. ಇದು ಬಿಚ್ಚಲ್ಲ, ಮುರಿಯಲ್ಲ. ಬೈಕಿನಲ್ಲಿ ಬಂದು ಕಿತ್ತುಕೊಳ್ಳುವವರು ಎಳೆದರೂ ಅಷ್ಟೇ, ಬ್ಯಾಗಿನ ಜೊತೆ ನಾನೂ ಟಾರಿನ ಮೇಲೆ. ಬ್ಯಾಗು ಹೋದರೆ ಹೋಗಲಿ, ನಾನು ಚಕ್ರದ ಹತ್ತಿರ ಹೋಗಬಾರದು.

ಪಟ್ಟಿಯ ಬಕಲ್ಲಿನಲ್ಲೇ ಒಂದು ಸೀಟಿ ಇದೆ, ಆಪತ್ತಿಗೆ ಊದೋದಕ್ಕಂತೆ. ಇದರದ್ದೊಂದು ತಮಾಷೆ ಕೇಳಿ. ಪಕ್ಕದಲ್ಲಿ ಕೂತಿದ್ದವರ ತೊಡೆಯ ಮೇಲಿದ್ದ ಮಗು ಅದನ್ನು ಬಾಯಿಗೆ ಹಾಕಿಕೊಂಡು ಪೀಂ ಅಂತ ಊದಿತು. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು, ನಿಮಗೂ ಗೊತ್ತಿರುತ್ತೆ. ಡ್ರೈವರು ಬ್ರೇಕ್ ಹಾಕಿದರು. ಹಿಂದಿದ್ದ ಕಂಡಕ್ಟರು, ‘ಯಾರ್ರೀ ಅದು ಸೀಟಿ ಹೊಡೆದೋರು?’ ಅಂತ ಬಂದರು. ಮಗು ಖುಷಿಯಾಗಿ ಇನ್ನೊಂದು ಸಲ ಊದಿತು. ಡ್ರೈವರು ಹೊರಟೇಬಿಟ್ಟರು. ಇಡೀ ಬಸ್ಸು ನಕ್ಕಿತು. ನಗೋ ಮಾತು ಬಿಟ್ಟು ಹೇಳೋದಾದರೆ, ಸೀಟಿ ಕೆಲಸಕ್ಕೆ ಬರುವ ವಸ್ತುವೇ. ಯಾರಾದರೂ ಮೈಮೇಲೆ ಬಿದ್ದು ತೊಂದರೆ ಕೊಟ್ಟರೆ ಕೂಗೋಕೆ ಗಂಟಲು ಬರೋದಿಲ್ಲ, ಸೀಟಿ ಊದಿದರೆ ಬಸ್ಸೇ ನಿಲ್ಲುತ್ತೆ. ಆಮೇಲೆ ತುರ್ತು ಸಹಾಯದ 112 ನಂಬರ್ ಇದ್ದೇ ಇದೆ.

ಬ್ಯಾಗಿನ ಒಳಗೆಲ್ಲ ಜೇಬುಗಳೇ, ಹೊರಗೆ ಒಂದೂ ಇಲ್ಲ. ಕಳ್ಳರಿಗೆ ಸಿಗಬಾರದು ಅಂತ ಹಾಗೆ ಮಾಡಿದ್ದಾರೆ. ಆದರೆ ಬಸ್ಸು ಹತ್ತಿದ ಕೂಡಲೇ ಕಂಡಕ್ಟರಿಗೆ ಆಧಾರ್ ತೋರಿಸಬೇಕಲ್ಲ? ಶೂನ್ಯ ಟಿಕೆಟ್ ಸುಮ್ನೆ ಕೊಡಲ್ಲ. ಜನ ಒತ್ತಿಕೊಂಡು ನಿಂತಿರುವಾಗ ಕೊಕ್ಕೆ ಬಿಡಿಸಿ, ಜಿಪ್ಪು ಎಳೆದು, ದುಡ್ಡಿನ ಪರ್ಸು ಸರಿಸಿ, ಅದರಡಿಯ ಕಾರ್ಡು ತೆಗೆಯಬೇಕು. ನೋಡುವವರಿಗೆ ಪರ್ಸು ಎಲ್ಲಿದೆ ಅಂತ ನಾವೇ ತೋರಿಸಿಕೊಟ್ಟ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ‘ಜೇಬುಗಳ್ಳರಿದ್ದಾರೆ ಎಚ್ಚರಿಕೆ’ ಬೋರ್ಡು ಓದಿದ ಗಂಡಸರು ತಟ್ಟನೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಕಳ್ಳನಿಗೆ ಬೇಕಾದ್ದೂ ಅದೇ. ಕಾರ್ಡು ಮತ್ತು ಚಿಲ್ಲರೆಗೆ ಹೊರಗೆ ಒಂದು ಪುಟ್ಟ ಜೇಬು ಇಟ್ಟಿದ್ದರೆ ಸಾಕಿತ್ತು. ನಾನೇ ಹೊಲಿದುಕೊಂಡೆ.

ಭರಮಸಾಗರದಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಬ್ಯಾಗಿನ ಕೊಕ್ಕೆ, ಬಳೆ, ತಂತಿ ಎಲ್ಲ ಬೆರಳಲ್ಲಿ ಮುಟ್ಟಿ ನೋಡಿದರು. ‘ಯವ್ವಾ, ಇಷ್ಟೊಂದು ಬೀಗ ಹಾಕ್ಕೊಂಡು ಕುಂತೀಯಲ್ಲ, ಒಳಗೆ ಬಂಗಾರದ ಅಂಗಡಿ ಐತೇನು?’ ಅಂದರು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದರು. ಎಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ, ಅದರ ಹಿಂದಿನ ಮಡಿಕೆಯಲ್ಲಿ ನಾಲ್ಕಾಗಿ ಮಡಚಿದ ನೋಟು. ನೋಟು ಇದೆ ಅಂತ ಪಕ್ಕದಲ್ಲೇ ಕೂತ ನನಗೂ ಅವರು ತೆಗೆದಾಗಲೇ ಗೊತ್ತಾಗಿದ್ದು. ಅಜ್ಜಿಯ ಸಂಚಿಗೆ ಐದಕ್ಕೆ ಐದು.

ಅವತ್ತೇ ತೀರ್ಮಾನ ಮಾಡಿದೆ. ದುಡ್ಡು ಮೈಮೇಲಿರಬೇಕು, ಬ್ಯಾಗು ಕೈಬಿಟ್ಟರೂ ನಷ್ಟವಾಗಬಾರದು. ಒಳಲಂಗದ ಲಾಡಿ ಪಟ್ಟಿಯ ಕೆಳಗೆ, ಬಲಗಡೆ ಮುಂದಕ್ಕೆ, ಅಂಗೈ ಅಗಲದ ಜೇಬು ಹೊಲಿದು ಜಿಪ್ಪು ಹಾಕಿದೆ. ಹಿಂದಕ್ಕೆ ಹಾಕಿದರೆ ಕೂತಾಗ ಒತ್ತುತ್ತೆ, ತೀರಾ ಪಕ್ಕಕ್ಕೆ ಹಾಕಿದರೆ ನೆರಿಗೆ ಉಬ್ಬಿ ಕಾಣುತ್ತೆ. ಬಸ್ಸಿನಲ್ಲಿ ಅದನ್ನು ಮುಟ್ಟೋದೇ ಇಲ್ಲ. ಅಂಗಡಿಗೆ ಹೋದ ಮೇಲೆ, ಒಳಗಿನ ಗೋಡೌನಿನ ಕಡೆ ತಿರುಗಿ ತೆಗೆಯೋದು. ಚೂಡಿದಾರ ಹಾಕುವವರು ಪ್ಯಾಂಟಿನ ಒಳಗೆ ಹೀಗೇ ಹೊಲಿಸಿಕೊಳ್ಳಬಹುದು. ಸರಕ್ಕೆ ಮಾತ್ರ ಸೆರಗು ಹೊದ್ದು ಪಿನ್ ಹಾಕೋದು ಬಿಟ್ಟರೆ ಬೇರೆ ದಾರಿ ಕಾಣೆ. ಹತ್ತುವಾಗ ಎರಡೂ ಕೈ ಕಂಬಿಯ ಮೇಲಿರಬೇಕು, ಕುತ್ತಿಗೆ ಕಾಯೋಕೆ ಮೂರನೇ ಕೈ ಎಲ್ಲಿಂದ ತರೋಣ?

ಇನ್ನು ಗಂಟಿನ ವಿಷಯ, ಇದು ಬ್ಯಾಗಿಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ಬಟ್ಟೆ ಗಂಟನ್ನು ನಿಮ್ಮ ತಲೆಯ ಮೇಲಿನ ಕ್ಯಾರಿಯರಿನಲ್ಲಿ ಇಡಬೇಡಿ. ಎದುರು ಸಾಲಿನ ಮೇಲೆ, ಸ್ವಲ್ಪ ಮುಂದಕ್ಕೆ ಇಡಿ. ಕೂತಲ್ಲಿಂದ ಕತ್ತೆತ್ತದೆ ಕಾಣುತ್ತೆ. ಸಂಜೆ ಕತ್ತಲಾದ ಮೇಲೆ ದಾವಣಗೆರೆಯಿಂದ ಬರುವಾಗ, ಬೆಂಗಳೂರಿಗೆ ಹೋಗುವ ಬಸ್ಸು ಹತ್ತುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ದುರ್ಗದ ಊರೊಳಗೆ ಹೋಗುತ್ತೋ, ಬೈಪಾಸಿನಲ್ಲೇ ಹೋಗುತ್ತೋ? ರಾತ್ರಿ ಹೈವೇಯಲ್ಲಿ ಗಂಟು ಹಿಡಿದು ಆಟೋಗೆ ಕಾಯೋದಕ್ಕಿಂತ, ಅರ್ಧ ಗಂಟೆ ತಡವಾದರೂ ಊರೊಳಗಿನ ಬಸ್ಸೇ ವಾಸಿ.

ಹಾಗಂತ ಬ್ಯಾಗನ್ನು ಎಸೆದಿಲ್ಲ. ಬೆಂಗಳೂರಿನಲ್ಲಿ ಓದುವ ಮಗಳಿಗೆ ಕೊಟ್ಟೆ. ಅವಳು ದಾವಣಗೆರೆಯಿಂದ ರೈಲಿನಲ್ಲಿ ಮಲಗಿಕೊಂಡು ಹೋಗುತ್ತಾಳೆ. ಅಲ್ಲಿ ಈ ತಂತಿ ಪಟ್ಟಿಗೆ ನಿಜವಾದ ಬೆಲೆ. ಕೆಳಗಿನ ಬರ್ತಿನಡಿ ಸರಪಳಿ ಹಾಕೋಕೆ ಬಳೆ ಇರುತ್ತಲ್ಲ, ಅದಕ್ಕೆ ಪಟ್ಟಿ ಸಿಕ್ಕಿಸಿ ನಿದ್ದೆ ಮಾಡಬಹುದು. ಕುತ್ತಿಗೆಗೆ ಹಾಕಿಕೊಂಡು ಮಲಗಬೇಡ ಅಂತ ಹೇಳಿದ್ದೇನೆ, ರೈಲ್ವೆ ಸಹಾಯವಾಣಿಯ 139 ನಂಬರನ್ನೂ ಫೋನಿಗೆ ಹಾಕಿಕೊಟ್ಟಿದ್ದೇನೆ. ಕೊಡುವ ಮುಂಚೆ ತಳಕ್ಕೆ ದಪ್ಪ ಕ್ಯಾನ್ವಾಸ್ ಎರಡು ಪದರ ಕೊಟ್ಟು ಹೊಲಿದೆ. ರೈಲಿಗೆ ಅಂತ ಕೊಳ್ಳುವವರು ನನ್ನ ಮೂರು ಸ್ಟಾರನ್ನು ನಾಲ್ಕು ಅಂತ ಓದಿಕೊಳ್ಳಬಹುದು.

ಬಸ್ಸಿಗಾದರೆ 899 ಕೊಡಬೇಡಿ. ಕಾಲು ಮೀಟರ್ ಪಾಪ್ಲಿನ್, ಏಳಿಂಚಿನ ಒಂದು ಜಿಪ್ಪು ತಗೊಂಡು ನಿಮ್ಮೂರಿನ ಟೈಲರ್ ಹತ್ತಿರ ಹೋಗಿ, ಜೇಬು ಹೊಲಿದುಕೊಡುತ್ತಾರೆ. ದೀಪಾವಳಿ ಹಿಂದಿನ ವಾರ ಮತ್ತು ಮದುವೆ ಸೀಸನ್‌ನಲ್ಲಿ ಮಾತ್ರ ಕೇಳಬೇಡಿ, ಬೈಸಿಕೊಳ್ಳುತ್ತೀರಿ.